ಬಾನಿಯೊಳಗಿನ ಹೆಣ್ಣುಗಳು

ಕೊಡದ ಬಾಯಿಗೆ ಕಟ್ಟಿದ್ದ ತೆಳು ಬಟ್ಟೆಯ ಮೇಲೆ ಅನ್ನದಾನಮ್ಮ ಇನ್ನೊಂದು ತಂಬಿಗೆ ನೀರು ಸುರಿದಳು. ಕೊಡ ಅರ್ಧ ತುಂಬಿತ್ತು. ನೀರು ಇಳಿದುಹೋದ ಮೇಲೆ ಬಟ್ಟೆಯಲ್ಲಿ ಪಾಚಿಯ ಎಳೆಗಳು ಉಳಿದವು. ಎಳೆಗಳ ನಡುವೆ ಜೋಳದ ಕಾಳಿನಷ್ಟಿದ್ದ ಮೀನಿನ ಮರಿಯೊಂದು ಮಿಡುಕುತ್ತಿತ್ತು. ಅಂಗೈಯನ್ನು ಬೊಗಸೆ ಮಾಡಿ ಅದನ್ನು ಎತ್ತಿ ಮತ್ತೆ ಕಲ್ಲಿನ ಬಾನಿಗೆ ಬಿಟ್ಟಳು. ಮರಿ ತಳಕ್ಕಿಳಿದು, ಒಂದು ಸಲ ತಿರುಗಿ, ಉಳಿದವುಗಳ ಸಾಲಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಿತು.

ಈ ವಾರವೆಲ್ಲ ಹೀಗೇ ಆಗಿತ್ತು. ಮೊದಲು ಬಾನಿಯ ತುಂಬ ಹರಿದಾಡುತ್ತಿದ್ದ ಮೀನುಗಳು ಈಗ ದೊಡ್ಡವು ಚಿಕ್ಕವು ಎನ್ನದೆ ಒಂದೇ ಬದಿಗೆ ನಿಲ್ಲುತ್ತಿದ್ದವು. ಹಾಕಿದ ಸೊಪ್ಪು ಹಾಕಿದ ಹಾಗೇ ತೇಲುತ್ತಿತ್ತು. ಆ ಗೋಡೆಯ ಆಚೆಗೆ ಬಾಣಂತಿ ಕೋಣೆ. ಅಲ್ಲಿ ಹೊರಸಿನ ಮೇಲೆ ದಿನ ತುಂಬಿದ ಉಚ್ಚಂಗೆಮ್ಮ ಮಲಗಿದ್ದಳು.

ಉಚ್ಚಂಗೆಮ್ಮ ಅನ್ನದಾನಮ್ಮನ ಸ್ವಂತ ಸೊಸೆಯಲ್ಲ. ಮೈದುನ ಗುರುಸಂಗಪ್ಪನ ಮಗ ಹಾಲೇಶಪ್ಪನ ಹೆಂಡತಿ. ಆದರೆ ಗುರುಸಂಗಪ್ಪನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಉಚ್ಚಂಗೆಮ್ಮನಿಗೂ ತಾಯಿ ಇರಲಿಲ್ಲ. ಹೀಗಾಗಿ ಬಸಿರು, ಬಾಣಂತನ ಎರಡೂ ಕೊಟ್ಟೂರಿನ ಈ ಮನೆಯಲ್ಲೇ, ಮಕ್ಕಳಿಲ್ಲದ ವಿಧವೆ ಅನ್ನದಾನಮ್ಮನ ಕೈಯಲ್ಲೇ ಆಗುತ್ತಿದ್ದವು. ಎರಡು ಹೆಣ್ಣುಮಕ್ಕಳಾಗಿದ್ದವು. ಇದು ಮೂರನೆಯದು.

ಮೀನುಗಳು ಈ ಮನೆಗೆ ಬಂದದ್ದು ಉಚ್ಚಂಗೆಮ್ಮ ಸೊಸೆಯಾಗಿ ಬರುವುದಕ್ಕಿಂತ ಒಂದು ವರ್ಷ ಮೊದಲು. ಬೋರು ಕೊರೆಯುವ ದೊಡ್ಡ ಲಾರಿಗಳು ಸೀಮೆಗೆ ಬಂದ ಕಾಲ ಅದು. ಅವುಗಳ ಜೊತೆ ಬಂದಿದ್ದ ಪರದೇಶದ ಸಾಹೇಬನೊಬ್ಬ ಕೂಡ್ಲಿಗಿಯ ಬಂಗಲೆಯಲ್ಲಿ ಇಳಿದುಕೊಂಡಿದ್ದ. ಅವನ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವನು ಹಿಂದಿನ ಓಣಿಯ ಉಸ್ಮಾನ್ ಸಾಬ್. ಸಾಹೇಬ ಊರಿಗೆ ಹೊರಟಾಗ ಗಾಜಿನ ಜಾಡಿಯೊಂದನ್ನು ಉಸ್ಮಾನನ ಕೈಗೆ ಕೊಟ್ಟು, ಮೆಕ್ಸಿಕೋ ಎಂಬ ದೇಶದ ಒಂದೇ ಒಂದು ನೀರಿನ ಊಟೆಯಲ್ಲಿ ಇವು ಇದ್ದವು, ಈಗ ಆ ಊಟೆ ಬತ್ತಿಹೋಗಿದೆ, ಜೋಪಾನ ಎಂದು ಹೇಳಿ ಹೋಗಿದ್ದ.

ಉಸ್ಮಾನ್ ಸಾಬ್ ಜಾಡಿಯನ್ನು ಎದೆಗೆ ಅವುಚಿಕೊಂಡು ನೇರ ಅನ್ನದಾನಮ್ಮನ ಹಿತ್ತಲಿಗೆ ಬಂದಿದ್ದ.

"ಅಯ್ಯ, ನಮ್ದು ಲಿಂಗ ಕಟ್ಟಿದ ಮನಿ ಉಸ್ಮಾನಣ್ಣ. ಮೀನು ತಂದು ಹೊಚ್ಚಲಕ್ಕ ಇಡ್ತೀಯಲ್ಲ!"

"ಅದಕ್ಕಾ ತಂದೀನಿ ಅಕ್ಕಾರೆ. ನಮ್ಮ ಮನ್ಯಾಗ ಇಟ್ರ ನಮ್ಮಾಕಿ ಹಮೀದಾ ಮಸಾಲಿ ಅರಿಯಾಕ ಕುಂದುರ್ತಾಳ. ಮೀನಿಗೆ ನಿಮ್ಮ ಮನಿಗಿಂತ ಭದ್ರ ಜಾಗ ಎಲ್ಲೈತಿ ಹೇಳ್ರಿ?"

ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅವತ್ತೇ ಮೊದಲು. ದನಗಳನ್ನು ಹೊಲದ ಕೊಟ್ಟಿಗೆಗೆ ಸಾಗಿಸಿದ್ದರಿಂದ ಹಿತ್ತಲ ಕೋಣೆಯ ಕಲ್ಲಿನ ಬಾನಿ ಖಾಲಿ ಇತ್ತು. ಮೇಲೆ ಬೆಳಕಿಂಡಿ. ಅತ್ತಿಗೆಗೆ ಹೊತ್ತು ಹೋಗಲಿ ಎಂದು ಗುರುಸಂಗಪ್ಪ ಬೇಡವೆನ್ನಲಿಲ್ಲ. ಬಾವಿಯ ನೀರು ಉಪ್ಪು, ಕುಡಿಯುವುದಕ್ಕೆ ಬರುವುದಿಲ್ಲ; ಆದರೆ ಮೀನುಗಳು ಆ ನೀರಿಗೆ ತವರಿಗೆ ಬಂದವರ ಹಾಗೆ ಹೊಂದಿಕೊಂಡವು. ಅನ್ನದಾನಮ್ಮ ಬೇಯಿಸಿದ ಸೊಪ್ಪು ಹಿಸುಕಿ ಹಾಕುವಳು. ಸುಣ್ಣದ ಕೈಯನ್ನು ಬಾನಿಗೆ ತಾಗಿಸಗೊಡುತ್ತಿರಲಿಲ್ಲ. ಹೊಟ್ಟೆ ತುಂಬಿದ ಮೀನನ್ನು ಬಸುರಿಯನ್ನು ತವರಿಗೆ ಕಳಿಸುವ ಹಾಗೆ ಬೇರೆ ಗಡಿಗೆಗೆ ಬಿಟ್ಟು, ಮೇಲೆ ಹಲಗೆ ಮುಚ್ಚಿ ಕತ್ತಲು ಮಾಡುವಳು. ಅವು ಮೊಟ್ಟೆ ಇಡುತ್ತಿರಲಿಲ್ಲ. ಮರಿಗಳನ್ನೇ ಹೆರುತ್ತಿದ್ದವು. ಹುಟ್ಟಿದ ಗಳಿಗೆಯಲ್ಲೇ ಅವು ಕಣ್ಣು ಬಿಟ್ಟು ಅವಳನ್ನು ನೋಡುತ್ತಿದ್ದವು.

ಇವುಗಳ ಕುಲದಲ್ಲಿ ಗಂಡೇ ಇಲ್ಲ ಎಂದು ಉಸ್ಮಾನ್ ಸಾಬ್ ಮೊದಲೇ ಹೇಳಿದ್ದ. ಬೇರೆ ಜಾತಿಯ ಗಂಡುಮೀನನ್ನು ಜೊತೆಗೆ ಬಿಡಬೇಕು. ಯಂತ್ರದ ಸಾಮಾನಿಗೆಂದು ಬಳ್ಳಾರಿಗೆ ಹೋದಾಗ ಅಲ್ಲಿನ ಮೀನಿನ ಅಂಗಡಿಯಿಂದ ಇದ್ದಿಲಿನಷ್ಟು ಕಪ್ಪಗಿದ್ದ ಒಂದು ಗಂಡನ್ನು ಸೀಸೆಯಲ್ಲಿ ಹಾಕಿಕೊಂಡು ಬರುತ್ತಿದ್ದ.

"ಸಾಹೇಬ ಹೇಳಿದ್ದು ಕೇಳ್ರಿ ಅಕ್ಕಾರೆ. ಈ ಕರಿಯಪ್ಪ ಬರೇ ಬಾಗಲಾ ತಟ್ಟಾಂವ ಅಂತ. ಒಳಗ ಹೋಗಂಗಿಲ್ಲ. ಇವನ ರಕ್ತ ಒಂದು ಹನಿ ಮರಿಗೆ ಬರಂಗಿಲ್ಲ. ಮದುವಿ ಆಗೇತಿ, ಮದಲಿಂಗ ಮಾತ್ರ ಚಪ್ಪರದಾಗ ಕುಂತಾನ, ಎಲಿ ಅಡಿಕಿ ಹಾಕ್ಕೊಂತ."

"ಹಂಗೂ ಇರತೈತೇನೋ!"

"ನೀವಾ ನೋಡ್ರಿ. ಒಂದು ಕರಿ ಮರಿ ಹುಟ್ಟಿದ್ರ ನಾ ಸ್ಪಾನರ್ ಬಿಟ್ಟು ಸನ್ಯಾಸಿ ಆಗ್ತೀನಿ."

ಹುಟ್ಟಲಿಲ್ಲ. ಇಷ್ಟು ವರ್ಷದಲ್ಲಿ ಎಷ್ಟೋ ಕರಿಯ ಗಂಡುಗಳು ಬಂದು ಸತ್ತವು. ಹುಟ್ಟಿದ ಮರಿಗಳೆಲ್ಲ ಹೆಣ್ಣು. ಎಲ್ಲವೂ ತಾಯಿಯ ಹಾಗೆ ಬೂದಿ ಬಣ್ಣ. ಎಲ್ಲವಕ್ಕೂ ಎಡಗಣ್ಣಿನ ಕೆಳಗೆ, ತಾಯಿಗಿದ್ದಲ್ಲೇ, ಸಾಸಿವೆಯಂಥ ಒಂದು ಚುಕ್ಕೆ. ಮೊದಲ ಮೀನು ಸತ್ತ ದಿನ ಅನ್ನದಾನಮ್ಮನಿಗೆ ದುಃಖವೇ ಆಗಲಿಲ್ಲ. ಸತ್ತದ್ದು ಬಾಳೆಲೆಯ ಮೇಲಿತ್ತು, ಅದೇ ಬಾನಿಯಲ್ಲೂ ಇತ್ತು.

ಈಗ ಕೊಡ ತುಂಬಿತು. ಸೊಂಟಕ್ಕೆ ಏರಿಸಿಕೊಂಡು ಹಿತ್ತಲ ನುಗ್ಗೆಗಿಡದ ಕಡೆ ತಿರುಗಿದಳು. ಬಾಗಿಲಲ್ಲಿ ಉಚ್ಚಂಗೆಮ್ಮ ನಿಂತಿದ್ದಳು, ಒಂದು ಕೈ ಸೊಂಟದ ಮೇಲೆ.

"ಗಿಡಕ್ಕ ಹಾಕಾಕ ಹೊಂಟೀರೇನ್ರಿ ದೊಡ್ಡತ್ತಿ?"

"ಮತ್ತೇನು ಮಾಡ್ಲಿ."

"ಮೊದಲೆಲ್ಲ ಹಂಡೇಕ ಹಾಕ್ತಿದ್ರಿ."

ಹಾಕುತ್ತಿದ್ದಳು. ನೀರನ್ನು ಸುಮ್ಮನೆ ಚೆಲ್ಲುವ ಊರಲ್ಲ ಇದು. ದಿನವೂ ಬಾನಿಯಿಂದ ಒಂದು ಕೊಡ ಹಳೆಯ ನೀರು ತೆಗೆದು ಒಂದು ಕೊಡ ಹೊಸ ನೀರು ಹಾಕಬೇಕು. ತೆಗೆದದ್ದನ್ನು ಬಚ್ಚಲ ಹಂಡೆಗೆ ಸುರಿಯುವುದು ಮೊದಲ ದಿನದಿಂದ ಬಂದ ರೂಢಿ. ಮೀನು ಮುಟ್ಟಿದ ನೀರಿನಲ್ಲಿ ಮೀಯುತ್ತಿದ್ದೇವೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಗಂಡಸರು ಹೊಲದ ಪಂಪ್‌ಸೆಟ್ಟಿನಲ್ಲಿ ಮಿಂದು ಬರುತ್ತಿದ್ದರು. ಆ ಹಂಡೆಯ ನೀರು ಬೀಳುತ್ತಿದ್ದದ್ದು ಹೆಂಗಸರ ಮೈಮೇಲೆ, ಕೂಸುಗಳ ಮೈಮೇಲೆ.

ಇದರಲ್ಲಿ ಏನಾದರೂ ಇದೆ ಎಂದು ಅವಳಿಗೆ ತೋರಿದ್ದು ತೀರ ಈಚೆಗೆ, ಉಚ್ಚಂಗೆಮ್ಮನಿಗೆ ಏಳು ತುಂಬಿದಾಗ. ಅನ್ನದಾನಮ್ಮ ಬಾನಿಯ ಕಟ್ಟೆಯ ಮೇಲೆ ಕೂತು ದೊಡ್ಡ ಮೊಮ್ಮಗಳಾದ ನೀಲವ್ವನಿಗೆ ಜಡೆ ಹೆಣೆಯುತ್ತಿದ್ದಳು. ಚಿಕ್ಕವಳು ಹಂಪವ್ವ ಪಕ್ಕದಲ್ಲಿ ಬಗ್ಗಿದ್ದಳು. ನೀರಿನಲ್ಲಿ ಎರಡು ಮುಖ ಕಂಡವು. ಮೀನುಗಳು ಸಾಲಾಗಿ ಮೇಲೆ ಬಂದು ಆ ಮುಖಗಳ ಕೆಳಗೆ ನಿಂತವು. ವಯಸ್ಸಿನಲ್ಲಿ ಮೂರು ವರ್ಷದ ಅಂತರವಿದ್ದರೂ ನೀರಿನಲ್ಲಿದ್ದದ್ದು ಒಂದೇ ಮುಖ. ಉಚ್ಚಂಗೆಮ್ಮನ ಮುಖ. ಇಬ್ಬರ ಬಲಹುಬ್ಬಿನ ಮೇಲೂ ತಾಯಿಗಿದ್ದ ಹಾಗೆ ಅರ್ಧಚಂದ್ರದ ಬಿಳಿ ಗುರುತು. ನೋಡಿದವರು ತಾಯಿಯ ಮಚ್ಚೆ ಇಳಿದು ಬಂದಿದೆ ಎನ್ನುತ್ತಿದ್ದರು. ಅದು ಮಚ್ಚೆಯಲ್ಲ. ತವರೂರು ಅರಸೀಕೆರೆಯಲ್ಲಿ, ಉಚ್ಚಂಗೆಮ್ಮ ಸಣ್ಣ ಹುಡುಗಿಯಾಗಿದ್ದಾಗ, ರೊಟ್ಟಿ ಹಂಚಿನ ಮೇಲೆ ಮುಗ್ಗರಿಸಿ ಆದ ಸುಟ್ಟ ಕಲೆ. ಅದನ್ನು ಅವಳು ಅನ್ನದಾನಮ್ಮನೊಬ್ಬಳಿಗೇ ಹೇಳಿದ್ದಳು.

ಜಡೆ ಹೆಣೆಯುವ ಕೈ ನಿಂತುಹೋಗಿತ್ತು. ನೀಲವ್ವ ತಿರುಗದೆಯೇ ಹೇಳಿದ್ದಳು: "ದೊಡ್ಡವ್ವ, ಹೆದರಬ್ಯಾಡ. ಅವು ನಮ್ಮನ್ನ ಎಣಸಾಕ ಹತ್ಯಾವ."

ಅವತ್ತಿನಿಂದ ಬಾನಿಯ ನೀರು ನುಗ್ಗೆಗಿಡಕ್ಕೆ ಹೋಗುತ್ತಿತ್ತು. ಅವಳ ಹೆದರಿಕೆಗೆ ಮೀನು ಮಾತ್ರವಲ್ಲ, ಗುರುಸಂಗಪ್ಪನೂ ಕಾರಣ.

ಆ ಮನೆತನಕ್ಕೆ ಒಂದು ಗುರುತಿತ್ತು. ಆ ರಕ್ತದಲ್ಲಿ ಹುಟ್ಟಿದವರಿಗೆಲ್ಲ, ಗಂಡಿರಲಿ ಹೆಣ್ಣಿರಲಿ, ಎಡಗಿವಿಯ ಮುಂದೆ ಸೂಜಿ ಊರಿದಷ್ಟು ಸಣ್ಣ ಒಂದು ತೂತು. ತೊಟ್ಟಿಲ ದಿನ ಮನೆಯ ಹಿರಿಯನೇ ಕೂಸನ್ನೆತ್ತಿಕೊಂಡು, ಆ ತೂತಿಗೆ ತುಟಿ ಹಚ್ಚಿ ಹೆಸರು ಕರೆಯಬೇಕು. ಹೆಸರು ಅದರೊಳಗಿಂದ ಇಳಿದು ರಕ್ತ ಸೇರುತ್ತದೆ ಎಂಬುದು ಅವರ ನಂಬಿಕೆ. ನೀಲವ್ವನ ತೊಟ್ಟಿಲ ದಿನ ಗುರುಸಂಗಪ್ಪ ತೂತಿಲ್ಲದ ಕಿವಿಯನ್ನು ಬಹಳ ಹೊತ್ತು ನೋಡಿ, ಹೆಸರು ಕರೆದು, ಕೂಸನ್ನು ಕೆಳಗಿಟ್ಟಿದ್ದ. ಹಂಪವ್ವನ ದಿನ ನೋಡಿದವನೇ ಕೂಸನ್ನು ಅತ್ತಿಗೆಯ ಕೈಗೆ ಕೊಟ್ಟು "ನೀವಾ ಕರೀರಿ" ಎಂದು ಎದ್ದುಹೋಗಿದ್ದ.

ಈ ಸಲ, ಹೋದ ಸೋಮವಾರ, ಊಟಕ್ಕೆ ಕೂತವನು ತಾಟಿನಿಂದ ತಲೆ ಎತ್ತದೆ ಮಾತು ತೆಗೆದಿದ್ದ.

"ಅತ್ಗೆಮ್ಮ, ಗಂಡಾಗಲಿ ಹೆಣ್ಣಾಗಲಿ ನಂಗ ಅದರ ಚಿಂತಿ ಇಲ್ಲ. ಮೂರರಾಗ ಒಂದಕ್ಕರ ಮನಿ ಗುರ್ತು ಇರಬೇಕಲ್ಲ?"

"ಮಕ್ಳು ತಾಯೀನ್ನ ಹೋಲ್ಯಾವ. ಅದೇನು ತಪ್ಪೇನಪ್ಪ?"

"ತಾಯೀನ್ನ ಹೋಲಲಿ. ಅಪ್ಪನ್ನ ಒಂದು ಉಗರಿನಷ್ಟರ ಹೋಲಬೇಕೋ ಬ್ಯಾಡೋ? ನಾ ಯಾರ ಮ್ಯಾಲೂ ಕೆಟ್ಟ ಮಾತು ಆಡಂಗಿಲ್ಲ. ಈ ಸಲ ಕಿವಿ ಬರಿದಿತ್ತಂದ್ರ ಅರಸೀಕೆರಿಂದ ಸೊಸಿ ಅಣ್ಣನ್ನ ಕರಸ್ತೀನಿ. ಆಕೀನ್ನೂ ಮೂರೂ ಮಕ್ಳನ್ನೂ ಕರಕೊಂಡು ಹೋಗಲಿ."

"ಸೊಸಿ ಹೊಚ್ಚಲ ದಾಟಿದ್ದು ನಾ ನೋಡಿಲ್ಲ. ಹಗಲೂ ರಾತ್ರಿ ನನ್ನ ಕಣ್ಣ ಮುಂದ ಅದಾಳ. ಸಾಕ್ಷಿ ನಾನದೀನಿ."

"ಸಾಕ್ಷಿ ಕೂಸಿನ ಮೈಮ್ಯಾಗ ಇರಬೇಕು ಅತ್ಗೆಮ್ಮ. ಬಾಯಾಗಲ್ಲ."

ಹಾಲೇಶಪ್ಪ ಅಲ್ಲೇ ಕೂತಿದ್ದ. ಮಜ್ಜಿಗೆ ಹಾಕಿಸಿಕೊಂಡು ಉಂಡ. ಅವನ ಎಡಗಿವಿಯ ಮುಂದಿನ ತೂತು ಜಗಿಯುವಾಗ ಮೇಲೆ ಕೆಳಗೆ ಆಡುತ್ತಿದ್ದದ್ದನ್ನು ಅನ್ನದಾನಮ್ಮ ನೋಡುತ್ತ ನಿಂತಿದ್ದಳು.

"ಆ ಕೊಡ ಇಳಿಸ್ರಿ" ಎಂದಳು ಈಗ ಬಾಗಿಲಿನಿಂದ ಒಳಗೆ ಬಂದ ಉಚ್ಚಂಗೆಮ್ಮ. ಕೈಯಲ್ಲಿ ಹಿತ್ತಾಳೆ ಲೋಟವಿತ್ತು. ಅನ್ನದಾನಮ್ಮ ಏನೆಂದು ಕೇಳುವ ಮೊದಲೇ ಬಗ್ಗಲಾರದೆ ಬಗ್ಗಿ, ಬಟ್ಟೆ ಸರಿಸಿ, ಲೋಟ ಮುಳುಗಿಸಿ ಗಟಗಟ ಕುಡಿದಳು.

"ಅಯ್ಯಯ್ಯ, ಅದು ಮೀನಿನ ನೀರವ್ವ! ಉಪ್ಪು ಬ್ಯಾರೆ!"

"ಗೊತ್ತೈತ್ರಿ." ಬಾಯಿ ಒರೆಸಿಕೊಂಡಳು. "ದಿನಾ ಕುಡೀತೀನಿ. ನೀವು ಹಂಡೇಕ ಹಾಕೋದು ಬಿಟ್ಟ ಮ್ಯಾಗ ನಾನಾ ಬಾನ್ಯಾಗಿಂದ ತಗೊಂತೀನಿ. ಸಿಹಿನೀರು ಬಾಯಾಗ ನಿಲ್ಲಂಗಿಲ್ಲ, ಬಾವಿಯಿಂದ ಸೇದಿದ್ದು ಮೈಮ್ಯಾಗ ಬಿದ್ರ ಉರೀತೈತಿ. ನೀಲೀ ಬಸರಿದ್ದಾಗೂ ಹಿಂಗ ಇತ್ತು. ನಿಮಗ ಹೇಳಿದ್ರ ಬೈತೀರಿ ಅಂತ..."

"ಬ್ಯಾಡ ಅಂದ್ರ?"

"ಬಸರಿ ಬಯಕಿ ಬ್ಯಾಡ ಅಂದ್ರ ಕೂಸಿನ ಕಿವಿ ಸೋರತೈತಿ ಅಂತ ನೀವಾ ಹೇಳ್ತಿದ್ರಲ್ರಿ."

ಅವಳು ನಕ್ಕಳು. ಅವಳ ನಗೆ ನೋಡಿ ಅನ್ನದಾನಮ್ಮನಿಗೆ ಅಳು ಬಂತು. ಒಳಗೊಳಗೇ ಅಂದುಕೊಂಡಳು: ಈ ಹುಡುಗಿ ಏನನ್ನೂ ಮುಚ್ಚಿಟ್ಟವಳಲ್ಲ. ಮುಚ್ಚಿಟ್ಟವಳು ನಾನು. ಆದರೆ ಮೈದುನನಿಗೆ ಹೇಳುವುದಾದರೆ ಏನೆಂದು ಹೇಳುವುದು? ಮೀನಿನ ನೀರು ಬಿದ್ದು ನಿನ್ನ ಮೊಮ್ಮಕ್ಕಳಿಗೆ ಅಪ್ಪನ ರಕ್ತ ಇಳಿಯಲಿಲ್ಲ ಎಂದೇ? ಗುರುಸಂಗಪ್ಪ ನಂಬಲಿಕ್ಕಿಲ್ಲ. ನಂಬಿದನೋ, ಆಗ ಈ ಮಕ್ಕಳು ಮನುಷ್ಯರೇ ಅಲ್ಲವೆಂದಾನು.

ಉಚ್ಚಂಗೆಮ್ಮ ಲೋಟವನ್ನು ಕಟ್ಟೆಯ ಮೇಲಿಡುತ್ತಿದ್ದಂತೆ ಹಾಗೇ ಬಾನಿಯ ಅಂಚು ಹಿಡಿದುಕೊಂಡಳು. ಕಾಲಿನ ಕೆಳಗೆ ನೆಲ ಒದ್ದೆಯಾಯಿತು. ಗೋಡೆಗೆ ಮುಖ ಮಾಡಿ ನಿಂತಿದ್ದ ಮೀನುಗಳು ಎಲ್ಲವೂ ಒಟ್ಟಿಗೆ ಅವಳ ಕಡೆಗೆ ತಿರುಗಿದವು.

ನೀಲವ್ವ ಓಡಿಹೋಗಿ ಸೂಲಗಿತ್ತಿ ದ್ಯಾಮಕ್ಕನನ್ನು ಕರೆತಂದಳು. ದ್ಯಾಮಕ್ಕ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡಸರನ್ನು ಪಡಸಾಲೆಯಿಂದಾಚೆ ಅಟ್ಟಿದಳು.

"ಹಾಲೇಶಪ್ಪ, ನಿನ್ನ ಕೆಲಸ ಒಂಬತ್ತು ತಿಂಗಳ ಹಿಂದ ಮುಗದೈತಿ, ಹೋಗು, ಕಟ್ಟೀಗೆ ಕೂತು ಬೀಡಿ ಸೇದು!"

ಯಾವಾಗಲೂ ಇಂಥ ಮಾತಿಗೆ ನಗುತ್ತಿದ್ದ ಅನ್ನದಾನಮ್ಮ ಇವತ್ತು ನಗಲಿಲ್ಲ. ಹೆರಿಗೆ ಬೇಗನೆ ಆಯಿತು. ಉಚ್ಚಂಗೆಮ್ಮ ಕೂಗಲಿಲ್ಲ. ಹಲ್ಲು ಕಚ್ಚಿ, ಬಾನಿಯ ಕಡೆಯ ಗೋಡೆಗೆ ಅಂಗೈ ಊರಿಕೊಂಡು, ಆಚೆಯಿಂದ ಯಾರೋ ಹೇಳಿಕೊಡುತ್ತಿರುವ ಹಾಗೆ ತಲೆಯಾಡಿಸುತ್ತಿದ್ದಳು. ಊರ ಮೇಲೆ ಮಧ್ಯಾಹ್ನದ ಬಿಸಿಲು ಸುರಿಯುತ್ತಿದ್ದರೂ ಕೋಣೆ ತಣ್ಣಗಿತ್ತು. ಗೋಡೆಯ ಬುಡದಲ್ಲಿ ನೀರು ಜಿನುಗಿದಂಥ ವಾಸನೆ.

ಕೂಸು ಅಳಲಿಲ್ಲ. ದ್ಯಾಮಕ್ಕ ಬೆನ್ನು ತಟ್ಟಿದಳು, ಅಂಗಾಲು ಕೆರೆದಳು. ಆಗ ಅದು ಸಣ್ಣಗೆ ಒಮ್ಮೆ ಉಸಿರು ಬಿಟ್ಟು, ಎರಡೂ ಕಣ್ಣು ತೆರೆದು, ಎದುರಿಗಿದ್ದ ಅನ್ನದಾನಮ್ಮನನ್ನು ನೋಡಿತು. ಹಸುಗೂಸಿನ ಮಬ್ಬು ನೋಟವಲ್ಲ. ಗುರುತು ಹಿಡಿದ ನೋಟ.

"ಹೆಣ್ಣು" ಎಂದಳು ದ್ಯಾಮಕ್ಕ. ಆಮೇಲೆ ದನಿ ತಗ್ಗಿಸಿ, "ಎಷ್ಟು ಮಂದಿ ಬಾಣಂತೇರ್ನ ನೋಡೀನ್ರಿ, ಇಂಥಾದ್ದು ನೋಡಿಲ್ಲ. ಮೂರೂ ಒಂದಾ ಅಚ್ಚು. ಮೊನ್ನಿ ಎತ್ತಿಕೊಂಡ ಕೂಸನ್ನಾ ಇವತ್ತು ತಿರುಗಿ ಎತ್ತಿಕೊಂಡಂಗಾತು" ಎಂದಳು.

ಹೊಕ್ಕುಳಬಳ್ಳಿ ಕತ್ತರಿಸಿ, ಕೂಸನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅನ್ನದಾನಮ್ಮನ ಕೈಗೆ ಕೊಟ್ಟು ದ್ಯಾಮಕ್ಕ ಹೆರಿಗೆಯ ಕಸದ ಮಡಕೆ ಹಿಡಿದು ಹಿತ್ತಲಿಗೆ ಹೋದಳು. ಅನ್ನದಾನಮ್ಮ ಬೆಳಕಿನ ಕಡೆಗೆ ತಿರುಗಿದಳು. ಬಲಹುಬ್ಬಿನ ಮೇಲೆ ಅರ್ಧಚಂದ್ರ. ಬೆರಳು ಒದ್ದೆ ಮಾಡಿಕೊಂಡು ಉಜ್ಜಿದಳು, ಹೋಗಲಿಲ್ಲ. ಎಡಗಿವಿಯ ಮೇಲಿನ ಕೂದಲು ಸರಿಸಿದಳು. ಚರ್ಮ ನಯವಾಗಿತ್ತು. ಏನೂ ಇರಲಿಲ್ಲ.

ಬಾಗಿಲಾಚೆ ಗುರುಸಂಗಪ್ಪ ಕೆಮ್ಮಿದ.

"ಅತ್ಗೆಮ್ಮ? ಏನು?"

"ಹೆಣ್ಣು."

"ಆತು. ಕಿವಿ?"

"ಇನ್ನೂ ಮೈ ತೊಳದಿಲ್ಲ ಕೂಸಿಂದು. ಈಗಾ ಕಿವಿ ಏನು ಹೇಳ್ಲಿ? ತೊಟ್ಲದ ದಿನ ಎತ್ತಿಕೊಳ್ಳಾಕ ನೀನಾ ಅದೀಯಲ್ಲ."

ಬಾಣಂತಿ ಕೋಣೆಗೆ ತೊಟ್ಟಿಲ ದಿನದವರೆಗೆ ಗಂಡಸರು ಕಾಲಿಡುವಂತಿಲ್ಲ. "ಅರಸೀಕೆರಿಗೆ ಹೇಳಿ ಕಳಸ್ತೀನಿ. ಅವತ್ತು ಅವರಣ್ಣನೂ ಇರಲಿ" ಎಂದ. ಅವನ ಚಪ್ಪಲಿಯ ಸದ್ದು ದೂರವಾಯಿತು.

ಹೊರಸಿನ ಮೇಲಿಂದ ಉಚ್ಚಂಗೆಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ದೊಡ್ಡತ್ತಿ, ಇಲ್ಲಲ್ರಿ?"

"ಮಲಗವ್ವ. ಬಾಣಂತಿ ಮಾತಾಡಬಾರದು."

"ಎರಡು ಮಕ್ಳನ್ನ ಸಾಕಾಕ ನಮ್ಮಣ್ಣಗ ಆಗಂಗಿಲ್ರಿ. ಮೂರು ಅಂದ್ರ... ನಮ್ಮತ್ತಿಗಿ ಹೊಚ್ಚಲ ತುಳಿಯಾಕೂ ಬಿಡಂಗಿಲ್ಲ." ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. "ನಿಮ್ಮಾಣಿಗೂ ನಾ ಏನೂ ಮಾಡಿಲ್ರಿ."

"ನಂಗ ಗೊತ್ತೈತಿ. ಮಲಗು."

ಅನ್ನದಾನಮ್ಮ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗೋಡೆಗೆ ಒರಗಿದಳು. ಗೋಡೆಯಾಚೆ ನೀರು ಮೆಲ್ಲಗೆ ಕಲಕಿದ ಸದ್ದು. ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ. ಬಹಳ ವರ್ಷದ ನಂತರ ಗಂಡನ ನೆನಪು ಮೈಗೆ ಬಂದಿತ್ತು. ಮುಖ ಮಸುಕಾಗಿ ಹೋಗಿತ್ತು, ದನಿ ಹೋಗಿತ್ತು. ಬೆರಳ ತುದಿಗೆ ಮಾತ್ರ ಅವನ ಎಡಗಿವಿ ನೆನಪಿತ್ತು. ಅವನು ನಿದ್ದೆ ಹೋದ ಮೇಲೆ ಎಷ್ಟೋ ದಿನ ಆ ಸಣ್ಣ ತೂತನ್ನು ಮುಟ್ಟುತ್ತ ಮಲಗಿದ್ದಳು, ತನಗೊಂದು ಕೂಸಾದರೆ ಇಲ್ಲೇ ಮುತ್ತಿಡಬೇಕೆಂದುಕೊಂಡು. ಕಿವಿಯ ಮೇಲಂಚು ಕೆನ್ನೆಗೆ ಸೇರುವಲ್ಲಿ, ತುಸು ಒಳಗೆ, ತುಸು ಮೇಲೆ. ಗುರುಸಂಗಪ್ಪನಿಗೂ ಅದು ತನ್ನ ಕಿವಿಯಲ್ಲಿ ಎಲ್ಲಿದೆ ಎಂದು ಇಷ್ಟು ಕರಾರುವಾಕ್ಕಾಗಿ ಗೊತ್ತಿರಲಿಕ್ಕಿಲ್ಲ.

ಹೆಣ್ಣುಕೂಸಿನ ಕಿವಿ ಮೂಗು ಚುಚ್ಚದ ಮನೆ ಯಾವುದಿದೆ? ನೀಲವ್ವನ ಕಿವಿಗಳನ್ನು ಅವಳೇ ಚುಚ್ಚಿದ್ದಳು. ಸೂಜಿಯನ್ನು ಹರಳೆಣ್ಣೆಯ ದೀಪದಲ್ಲಿ ಕಾಯಿಸಿ, ಅರಿಶಿನ ಹಚ್ಚಿ, ಮುಚ್ಚಿಕೊಳ್ಳದ ಹಾಗೆ ಬೇವಿನ ಕಡ್ಡಿಯ ತುದಿ ಇಟ್ಟರೆ ಕೆಲವೇ ದಿನಕ್ಕೆ, ತೊಟ್ಟಿಲ ದಿನದೊಳಗೇ, ಒಣಗುತ್ತದೆ. ತಲೆಗೆ ಕಟ್ಟುವ ಕುಂಚಿಗೆಯೊಳಗೆ ಕಿವಿ ಯಾರಿಗೂ ಕಾಣುವುದಿಲ್ಲ. ಕೂಸು ಒಮ್ಮೆ ಅತ್ತೀತು. ಇವತ್ತು ಅಳದೇ ಇದ್ದದ್ದನ್ನು ನಾಳೆ ಅತ್ತರೆ ಕೇಳಿದವರು ಸಂತೋಷವನ್ನೇ ಪಟ್ಟಾರು.

ಕೂಸು ಅವಳನ್ನೇ ನೋಡುತ್ತಿತ್ತು. ಅವಳೂ ನೋಡಿದಳು. ಅದು ಯಾರೇ ಆಗಿರಲಿ, ಎಲ್ಲಿಂದಲೇ ಬಂದಿರಲಿ, ಉಣ್ಣುವುದು ಈ ಮನೆಯ ಅನ್ನವನ್ನೇ.

ದ್ಯಾಮಕ್ಕ ಕೈ ತೊಳೆದುಕೊಂಡು ಒಳಗೆ ಬಂದಳು.

"ಕೊಡ್ರಿ ಕೂಸನ್ನ. ನೀರು ಕಾದಾವ."

"ಬ್ಯಾಡ ದ್ಯಾಮಕ್ಕ" ಎಂದಳು ಅನ್ನದಾನಮ್ಮ. "ಇವತ್ತಿಂದ ಈ ಕೂಸಿಗೆ ನಾನಾ ಎರೀತೀನಿ. ನೀ ತಾಯೀದು ನೋಡು."

"ಯಾಕ್ರೀ ಅಮ್ಮ, ನನ್ನ ಕೈ ಒರಟಾತೇನು?"

"ಹಂಗಲ್ಲ. ಯಾಕೋ ಆಸಿ ಆಗೇತಿ" ಎಂದು, ಕೂಸಿನ ಎಡಗೆನ್ನೆಯನ್ನು ತನ್ನ ಎದೆಗೆ ಒತ್ತಿಕೊಂಡು ಅವಳು ಎದ್ದಳು.